ಬಲ್ಲ ಕಥೆ, ಹೊಸ ಆಟ

2001ರ ಡಿಸೆಂಬರಿನಲ್ಲಿ ಪೀಟರ್ ಜಾಕ್ಸನ್ ನಿರ್ದೇಶನದ ‘ದ ಲಾರ್ಡ್ ಆಫ್ ದ ರಿಂಗ್ಸ್’ ಚಿತ್ರತ್ರಯದ ಮೊದಲ ಭಾಗ ತೆರೆಕಂಡಿತು. ಆ ವರ್ಷವೇ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯು ಅದೇ ಕಥೆಯ ಮೇಲೆ ಕಟ್ಟಿದ ಆಟವೊಂದನ್ನು ಮಾರುಕಟ್ಟೆಗೆ ತಂದಿತು. ಪೆಟ್ಟಿಗೆ ತೆರೆದವರಿಗೆ ಸಿಕ್ಕಿದ್ದು ಬಣ್ಣ ಕಾಣದ ಪುಟ್ಟ ಪ್ಲಾಸ್ಟಿಕ್ ಗೊಂಬೆಗಳು, ದಾಳಗಳು ಮತ್ತು ಒಂದು ನಿಯಮಪುಸ್ತಕ. ಗೊಂಬೆಗಳನ್ನು ಚೌಕಟ್ಟಿನಿಂದ ಬಿಡಿಸಬೇಕು, ಅಂಟಿಸಬೇಕು, ಬಣ್ಣ ಬಳಿಯಬೇಕು, ನಿಯಮಗಳನ್ನು ಓದಿ ಅರಗಿಸಿಕೊಳ್ಳಬೇಕು, ಆಮೇಲಷ್ಟೇ ಆಟ. ಇಷ್ಟು ಶ್ರಮ ಬೇಡುವ ವಸ್ತುವನ್ನು ಕೊಂಡವರಲ್ಲಿ ಅನೇಕರು ಅದುವರೆಗೆ ಇಂಥದೊಂದು ಆಟವಿದೆ ಎಂಬುದನ್ನೂ ಅರಿಯದ ಬಾಲಕರು. ಅವರಿಗೆ ಗೊತ್ತಿದ್ದುದು ಇಷ್ಟೇ: ಫ್ರೋಡೊ ಯಾರು, ಗ್ಯಾಂಡಾಲ್ಫ್ ಯಾರು, ಆ ಉಂಗುರವನ್ನು ಏಕೆ ನಾಶಮಾಡಬೇಕು ಎಂಬುದು.

ಮೇಜಿನ ಮೇಲಿನ ಗೊಂಬೆಯಾಟಗಳ ಚರಿತ್ರೆಯಲ್ಲಿ ಈ ಸಂಗತಿಗೆ ದೊಡ್ಡ ಅರ್ಥವಿದೆ. ಜನರು ಪ್ರೀತಿಸುವ ಒಂದು ಕಥೆ, ಜನರಿಗೆ ಗೊತ್ತೇ ಇಲ್ಲದ ಒಂದು ಕಲೆಯತ್ತ ಅವರನ್ನು ಕೈಹಿಡಿದು ನಡೆಸಬಲ್ಲುದು. ಹಾಗೆ ನಡೆಸಿದ ಕೈ ಒಮ್ಮೆ ಬಿಟ್ಟುಹೋದರೆ ಏನಾಗುತ್ತದೆ ಎಂಬುದೂ ಅಷ್ಟೇ ಮುಖ್ಯವಾದ ಪ್ರಶ್ನೆ.

ಯುದ್ಧವನ್ನು ಹಲಗೆಯ ಮೇಲೆ ಆಡುವುದು ಹಳೆಯ ಪದ್ಧತಿ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯೇ ಚದುರಂಗಕ್ಕೆ ಹೆಸರು ಕೊಟ್ಟಿತು. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ಗಿಯೋರ್ಗ್ ಫಾನ್ ರೈಸ್ವಿಟ್ಸ್ ಮನೆಗಳ ಹಲಗೆಯನ್ನು ಕೈಬಿಟ್ಟು ನಿಜವಾದ ಭೂಪಟದ ಮೇಲೆ ಸೇನೆಗಳನ್ನು ನಡೆಸುವ ಆಟವನ್ನು ಪ್ರಕಟಿಸಿದ. ಅದು ಅಧಿಕಾರಿಗಳ ಶಿಕ್ಷಣಕ್ಕೆ ಬಳಕೆಯಾಯಿತು. ಅದನ್ನು ಮನೆಯ ನೆಲಕ್ಕೆ ಇಳಿಸಿದವರಲ್ಲಿ ಪ್ರಸಿದ್ಧನಾದವನು ಕಾದಂಬರಿಕಾರ ಎಚ್. ಜಿ. ವೆಲ್ಸ್. 1913ರಲ್ಲಿ ಆತ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು, ಆಟಿಕೆಯ ಸೈನಿಕರನ್ನು ನಿಯಮಬದ್ಧವಾಗಿ ಕಾದಾಡಿಸುವ ಬಗೆಯನ್ನು ವಿವರಿಸಿದ. ಸ್ಪ್ರಿಂಗಿನ ಆಟಿಕೆ ಫಿರಂಗಿಯಿಂದ ಮರದ ಗುಂಡು ಹಾರಿಸುವುದು ಆ ಆಟದ ಸೊಗಸು. ನಿಜವಾದ ಯುದ್ಧದ ಮೂರ್ಖತನವನ್ನು ಮನಗಾಣಿಸಲು ಈ ಪುಟ್ಟ ಯುದ್ಧವೇ ಸಾಕೆಂದು ಆತ ನಂಬಿದ್ದ. ಮರುವರ್ಷವೇ ಮೊದಲನೆಯ ಮಹಾಯುದ್ಧ ಹೊತ್ತಿಕೊಂಡಿತು.

ವೆಲ್ಸ್‌ನ ತರುವಾಯ ಬಹುಕಾಲ ಈ ಆಟ ಕೆಲವೇ ಮಂದಿಯ ಹವ್ಯಾಸವಾಗಿ ಉಳಿಯಿತು. ಆಡುವವರು ನೆಪೋಲಿಯನ್ನನ ಕಾಲದ ಅಥವಾ ಪ್ರಾಚೀನ ರೋಮಿನ ಸೇನೆಗಳನ್ನು ಹೂಡುತ್ತಿದ್ದರು. ಯಾವ ದಳದ ಅಂಗಿಗೆ ಯಾವ ಬಣ್ಣದ ಪಟ್ಟಿ, ಯಾವ ಬಂದೂಕಿಗೆ ಎಷ್ಟು ದೂರದ ಗುರಿ ಎಂಬ ತಿಳಿವಳಿಕೆ ಇಲ್ಲದವನಿಗೆ ಆ ಮೇಜಿನ ಮೇಲೆ ಕಾಣುತ್ತಿದ್ದುದು ಸಾಲುಸಾಲು ಸೀಸದ ಗೊಂಬೆಗಳು ಮಾತ್ರ. ಯಾರು ಗೆದ್ದರೇನು, ಯಾರು ಸೋತರೇನು ಎಂಬ ಉದಾಸೀನವೇ ಹೊಸಬನನ್ನು ಹೊಸ್ತಿಲಿನಲ್ಲಿ ತಡೆಯುತ್ತಿತ್ತು. ನಿಯಮಗಳ ಕಷ್ಟ ಅದರ ಮುಂದೆ ಏನೂ ಅಲ್ಲ. ಇಂಥವರು ಸೋಲಬಾರದು ಎಂಬ ಕಾತರ ಮನಸ್ಸಿನಲ್ಲಿದ್ದರೆ ಎಂಥ ನಿಯಮವನ್ನೂ ಕಲಿಯಬಹುದು. ಆ ಕಾತರವಿಲ್ಲದವನಿಗೆ ಸುಲಭವಾದ ನಿಯಮವೂ ಹೊರೆ.

ಆ ಹೊಸ್ತಿಲನ್ನು ತಗ್ಗಿಸಿದ್ದು ಕಥೆ. 1971ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಮಧ್ಯಯುಗದ ಕಾಳಗಗಳಿಗಾಗಿ ‘ಚೈನ್‌ಮೇಲ್’ ಎಂಬ ನಿಯಮಾವಳಿಯನ್ನು ಪ್ರಕಟಿಸಿದರು. ಅದರ ಕೊನೆಗೆ ಮಾಂತ್ರಿಕರು, ಡ್ರ್ಯಾಗನ್ನುಗಳು, ಹಾಬಿಟ್ಟರು ಬರುವ ಅನುಬಂಧವೊಂದನ್ನು ಸೇರಿಸಿದ್ದರು. ಅದರ ಬಹುಭಾಗ ಜೆ. ಆರ್. ಆರ್. ಟೋಲ್ಕಿನ್ನನ ಕಾದಂಬರಿಗಳಿಂದ ಬಂದದ್ದು. ಆ ಅನುಬಂಧದಿಂದ ಬೆಳೆದ ಕವಲು 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಯಿತು. ಕಾದಂಬರಿಯ ಹಕ್ಕುದಾರರು ಆಕ್ಷೇಪಿಸಿದಾಗ ಹಾಬಿಟ್ಟರು ‘ಹಾಫ್‌ಲಿಂಗ್’ ಎಂಬ ಹೆಸರು ತೊಡಬೇಕಾಯಿತು. ಪ್ರೀತಿಯ ಕಥೆಯೂ ಒಬ್ಬರ ಸೊತ್ತು ಎಂಬ ಪಾಠವನ್ನು ಈ ಆಟಗಳು ಹೀಗೆ ಆರಂಭದಲ್ಲಿಯೇ ಕಲಿತವು.

2001ರ ಆಟಕ್ಕೆ ಅಂಥ ತೊಡಕಿರಲಿಲ್ಲ; ಅದು ಪರವಾನಗಿ ಪಡೆದು ಬಂದದ್ದು. ರಿಕ್ ಪ್ರೀಸ್ಟ್ಲಿ ಅದರ ನಿಯಮಗಳನ್ನು ರೂಪಿಸುವುದರಲ್ಲಿ ಪ್ರಮುಖ. ಮೈಕಲ್ ಮತ್ತು ಆಲನ್ ಪೆರಿ ಎಂಬ ಅವಳಿ ಸೋದರರು ಅನೇಕ ಗೊಂಬೆಗಳನ್ನು ಕಡೆದರು. ಒಂದಂಗುಲದ ಆಸುಪಾಸಿನ ಎತ್ತರದಲ್ಲಿ ತೆರೆಯ ಮೇಲಿನ ಪಾತ್ರಗಳ ಚಹರೆ ಮೂಡಿತು. ಆದರೆ ಚಹರೆಯ ಹೋಲಿಕೆಯಿಂದಷ್ಟೇ ಆಟ ಉಳಿಯುವುದಿಲ್ಲ. ಕಥೆಯ ಧರ್ಮ ನಿಯಮದಲ್ಲಿಯೂ ಇಳಿಯಬೇಕು. ಈ ಆಟದ ನಿಜವಾದ ಯಶಸ್ಸು ಅಲ್ಲಿದೆ.

ಅದರಲ್ಲಿ ಪ್ರತಿಯೊಬ್ಬ ವೀರನಿಗೂ ಪರಾಕ್ರಮ, ಸಂಕಲ್ಪ, ಅದೃಷ್ಟ ಎಂಬ ಮೂರು ಬಗೆಯ ಅಂಶಗಳನ್ನು ಎಣಿಸಿಕೊಟ್ಟಿದ್ದಾರೆ. ದಾಳ ಒಂದು ಅಂಕಿಯಿಂದ ಕೈಕೊಟ್ಟಾಗ ಪರಾಕ್ರಮದ ಒಂದು ಅಂಶವನ್ನು ವೆಚ್ಚಮಾಡಿ ಅದನ್ನು ಸರಿಪಡಿಸಬಹುದು. ಮಾಂತ್ರಿಕನ ಪ್ರಭಾವವನ್ನು ಎದುರಿಸಲು ಸಂಕಲ್ಪ, ಗಾಯದಿಂದ ಪಾರಾಗಲು ಅದೃಷ್ಟ. ವೆಚ್ಚವಾದದ್ದು ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಕಥೆಯ ನಾಯಕರು ಬೇರೆಯವರಿಗಿಂತ ಏಕೆ ಮಿಗಿಲು, ಆದರೂ ಅವರು ಏಕೆ ದಣಿಯುತ್ತಾರೆ ಎಂಬುದು ಈ ಲೆಕ್ಕದಲ್ಲಿ ತಾನಾಗಿ ಕಾಣುತ್ತದೆ. ಉಂಗುರದ ನಿಯಮ ಇನ್ನೂ ಸೂಕ್ಷ್ಮ. ಫ್ರೋಡೊ ಅದನ್ನು ತೊಟ್ಟರೆ ವೈರಿಗಳ ಕಣ್ಣಿಗೆ ಬೀಳುವುದಿಲ್ಲ. ಆದರೆ ದಾಳ ಕೆಟ್ಟದಾಗಿ ಬಿದ್ದರೆ ಆತನ ನಡೆಯನ್ನು ಎದುರಾಳಿಯೇ ನಿರ್ಧರಿಸಬಹುದು. ಉಂಗುರವು ತೊಟ್ಟವನನ್ನೇ ಆಳುತ್ತದೆ ಎಂಬ ಕಾದಂಬರಿಯ ಮೂಲತತ್ತ್ವವನ್ನು ಹತ್ತು ವರ್ಷದ ಹುಡುಗ ಉಪದೇಶವಿಲ್ಲದೆ ಇಲ್ಲಿ ಅನುಭವಿಸುತ್ತಾನೆ.

ಇನ್ನೊಂದು ಸಂಗತಿ ಗಮನಾರ್ಹ. ಕಥಾಪ್ರಸಂಗಗಳನ್ನು ಆಡುವಾಗ ಒಳ್ಳೆಯ ಪಕ್ಷದ ಗುರಿ ಹಲವು ವೇಳೆ ವೈರಿಯ ಸಂಹಾರವಲ್ಲ. ಉಂಗುರ ಹೊತ್ತವನನ್ನು ಮೇಜಿನ ಆಚೆಯ ಅಂಚಿಗೆ ಜೀವಸಹಿತ ದಾಟಿಸುವುದು. ಬಲಶಾಲಿಯಾದ ಗೆಳೆಯ ದಾರಿಯಲ್ಲಿ ಬೀಳಬಹುದು, ಆದರೂ ಪಕ್ಷ ಗೆಲ್ಲಬಹುದು. ಟೋಲ್ಕಿನ್ 1916ರ ಸೋಮ್ ಕಾಳಗದಲ್ಲಿ ಸೈನಿಕನಾಗಿದ್ದವನು. ಆ ಮಹಾಯುದ್ಧದಲ್ಲಿ ಆಪ್ತಮಿತ್ರರನ್ನು ಕಳೆದುಕೊಂಡವನು. ಆತನ ಕಥೆಯಲ್ಲಿ ಕೊನೆಯ ವಿಜಯ ಕತ್ತಿಯದ್ದಲ್ಲ, ಹೊರೆ ಹೊತ್ತು ನಡೆದ ಸಣ್ಣವರದ್ದು. ಯುದ್ಧದ ಆಟವೆಂದೊಡನೆ ತಾಯ್ತಂದೆಯರಲ್ಲಿ ಹುಟ್ಟುವ ಅಳುಕಿಗೆ ಇದೊಂದು ಪೂರ್ಣ ಸಮಾಧಾನವಾಗಲಾರದು. ಆದರೆ ಯಾವ ಕಥೆಯ ಮೇಲೆ ಆಟ ನಿಂತಿದೆ ಎಂಬುದರಿಂದ ಆಟ ಕಲಿಸುವ ಪಾಠವೂ ಬೇರೆಯಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಚಿತ್ರಗಳು ಬಂದ ವರ್ಷಗಳಲ್ಲಿ ಬ್ರಿಟನ್ನಿನ ಪತ್ರಿಕೆಯಂಗಡಿಗಳಲ್ಲಿ ಈ ಆಟದ ಪಾಕ್ಷಿಕವೊಂದು ಮಾರಾಟವಾಗುತ್ತಿತ್ತು. ಸಂಚಿಕೆಯೊಂದಿಗೆ ಗೊಂಬೆಗಳೋ ಬಣ್ಣದ ಡಬ್ಬಿಯೋ ಬರುತ್ತಿದ್ದವು. ತಳಬಣ್ಣ ಹೇಗೆ ಹಾಕಬೇಕು, ಕುಂಚದ ತುದಿಯಿಂದ ಅಂಚುಗಳನ್ನು ಹೇಗೆ ಬೆಳಗಿಸಬೇಕು, ರಟ್ಟಿನಿಂದ ಪಾಳುಗೋಡೆ ಹೇಗೆ ಕಟ್ಟಬೇಕು ಎಂದು ಅದು ಹಂತಹಂತವಾಗಿ ಕಲಿಸುತ್ತಿತ್ತು. ಚಲನಚಿತ್ರದ ಮೋಹದಿಂದ ಅಂಗಡಿಗೆ ಹೋದ ಹುಡುಗ ಕೆಲವು ತಿಂಗಳಲ್ಲಿ ಅಳತೆಪಟ್ಟಿ ಹಿಡಿದು ದೂರ ಅಳೆಯುತ್ತ, ದಾಳದ ಸಂಭವಗಳನ್ನು ಮನಸ್ಸಿನಲ್ಲಿಯೇ ಲೆಕ್ಕಹಾಕುತ್ತ, ನಿಯಮದ ಒಂದು ವಾಕ್ಯದ ಅರ್ಥಕ್ಕಾಗಿ ಎದುರಿನವನೊಡನೆ ಸಭ್ಯವಾಗಿ ವಾದಿಸುತ್ತ ಕುಳಿತಿರುತ್ತಿದ್ದ.

ಮತ್ತೊಂದು ಉದಾಹರಣೆ ‘ಸ್ಟಾರ್ ವಾರ್ಸ್’ ಚಿತ್ರಗಳದ್ದು. 2012ರಲ್ಲಿ ಅಮೆರಿಕದ ಫ್ಯಾಂಟಸಿ ಫ್ಲೈಟ್ ಗೇಮ್ಸ್ ‘ಎಕ್ಸ್-ವಿಂಗ್’ ಎಂಬ ಆಟವನ್ನು ಹೊರತಂದಿತು. ಆರಂಭದ ಪೆಟ್ಟಿಗೆಯಲ್ಲಿ ಮೂರೇ ಆಕಾಶನೌಕೆಗಳು: ಬಂಡಾಯಗಾರರದು ಒಂದು, ಸಾಮ್ರಾಜ್ಯದವು ಎರಡು. ಆಟಗಾರರಿಬ್ಬರೂ ತಮ್ಮ ನೌಕೆಯ ಚಲನೆಯನ್ನು ಪುಟ್ಟ ಚಕ್ರವೊಂದರಲ್ಲಿ ಗುಟ್ಟಾಗಿ ಆರಿಸಿ, ಬಳಿಕ ಬಯಲುಮಾಡಿ, ರಟ್ಟಿನ ಅಚ್ಚಿನ ಗುಂಟ ನೌಕೆಯನ್ನು ಸರಿಸಬೇಕು. ಈ ಉಪಾಯದ ಬೇರು 2004ರಲ್ಲಿ ಇಟಲಿಯಿಂದ ಬಂದ ‘ವಿಂಗ್ಸ್ ಆಫ್ ವಾರ್’ ಎಂಬ ಆಟದಲ್ಲಿದೆ. ಅದು ಮೊದಲನೆಯ ಮಹಾಯುದ್ಧದ ವಿಮಾನಗಳ ಆಟ. ಅದಕ್ಕೂ ತನ್ನದೇ ಅಭಿಮಾನಿಗಳಿದ್ದರು. ಆದರೆ ಹಳೆಯ ವಿಮಾನಗಳ ಹೆಸರು ತಿಳಿದವರೆಷ್ಟು? 1977ರಿಂದ ಮೂರು ತಲೆಮಾರುಗಳು ಕಂಡ ನೌಕೆಗಳು ಬಂದೊಡನೆ ಅಂಗಡಿಯ ಮೇಜುಗಳ ಸುತ್ತ ಹೊಸ ಮುಖಗಳು ಕಾಣಿಸಿಕೊಂಡವು. ಈ ನೌಕೆಗಳು ಬಣ್ಣ ಬಳಿದೇ ಬರುತ್ತಿದ್ದವು. ಪೆಟ್ಟಿಗೆ ಕೊಂಡ ಸಂಜೆಯೇ ಆಡಬಹುದಿತ್ತು. ತಂದೆ ಬಾಲ್ಯದಲ್ಲಿ ಕಂಡ ಚಿತ್ರವನ್ನು ಮಗಳೊಡನೆ ಮೇಜಿನ ಮೇಲೆ ಮತ್ತೆ ಕಾಣುವುದು ಸಾಧ್ಯವಾಯಿತು.

ಈಗ ನಾಣ್ಯದ ಇನ್ನೊಂದು ಮುಖ. 2003ರ ಕೊನೆಗೆ ಚಿತ್ರತ್ರಯ ಮುಗಿಯಿತು. ಜನರ ಉತ್ಸಾಹ ಇಳಿದಂತೆ ಗೇಮ್ಸ್ ವರ್ಕ್‌ಶಾಪಿನ ಮಾರಾಟವೂ ಇಳಿಯಿತು. ಚಿತ್ರದ ಅಲೆ ಹಿಂದೆ ಸರಿದದ್ದೇ ಕಾರಣವೆಂದು ಸಂಸ್ಥೆ ತಾನೇ ಒಪ್ಪಿಕೊಂಡಿತು. ಕಥೆಗಾಗಿ ಬಂದವರಲ್ಲಿ ಬಹುಮಂದಿ ಕಥೆ ಮುಗಿದೊಡನೆ ಎದ್ದುಹೋದರು. ‘ಎಕ್ಸ್-ವಿಂಗ್’ ಆಟಕ್ಕೆ 2018ರಲ್ಲಿ ಎರಡನೆಯ ಆವೃತ್ತಿ ಬಂದಾಗ ಹಳೆಯ ನೌಕೆಗಳನ್ನು ಬಳಸಲು ಹೊಸ ಚೀಟಿ, ಚಕ್ರಗಳ ಪೆಟ್ಟಿಗೆಯನ್ನು ಕೊಳ್ಳಬೇಕಾಯಿತು. ಮುಂದೆ ಆಟ ಬೇರೊಂದು ಸಂಸ್ಥೆಯ ಕೈಗೆ ಹೋಯಿತು. 2024ರಲ್ಲಿ ಅದರ ಬೆಳವಣಿಗೆಯನ್ನು ನಿಲ್ಲಿಸುವುದಾಗಿ ಆ ಸಂಸ್ಥೆ ಸಾರಿತು. ಇವು ಅಗ್ಗದ ಆಟಗಳೂ ಅಲ್ಲ. ಇನ್ನೊಂದು ದಳ, ಇನ್ನೊಂದು ನೌಕೆ ಎಂದು ಆಸೆ ಬೆಳೆಯುತ್ತಲೇ ಹೋಗುತ್ತದೆ. ಕಥೆಯ ಮೇಲಿನ ಪ್ರೀತಿ ಎಲ್ಲಿ ಮುಗಿಯಿತು, ಕೊಳ್ಳುವ ಚಟ ಎಲ್ಲಿ ಆರಂಭವಾಯಿತು ಎಂಬ ಗೆರೆ ದೊಡ್ಡವರಿಗೇ ಕಾಣುವುದಿಲ್ಲ. ಮಕ್ಕಳಿಗೆ ಕಂಡೀತೆ?

ಹಾಗಿದ್ದರೂ ಆ ಆಟಗಳು ಸತ್ತಿಲ್ಲ ಎಂಬುದು ಈ ಕಥನದ ಅತ್ಯಂತ ಬೋಧಪ್ರದವಾದ ಭಾಗ. ಹೊಸ ಗೊಂಬೆಗಳು ವಿರಳವಾಗಿದ್ದ ವರ್ಷಗಳಲ್ಲಿಯೂ ಬ್ರಿಟನ್ನಿನ ಆಟಗಾರರ ಕೂಟಗಳು ತಾವೇ ಪಂದ್ಯಗಳನ್ನು ಏರ್ಪಡಿಸಿಕೊಂಡು ಟೋಲ್ಕಿನ್ ಲೋಕದ ಆಟವನ್ನು ಉಳಿಸಿಕೊಂಡವು. 2018ರಲ್ಲಿ ಅದು ಹೊಸ ಹೆಸರಿನಿಂದ ಮರುಪ್ರಕಟವಾದಾಗ ಆಡುವವರು ಸಿದ್ಧವಾಗಿಯೇ ಇದ್ದರು. ‘ಎಕ್ಸ್-ವಿಂಗ್’ ಆಡುವವರೂ ಕಂಪನಿಯ ಹಂಗಿಲ್ಲದೆ ತಮ್ಮ ನೌಕೆಗಳ ಅಂಕಪಟ್ಟಿಗಳನ್ನು ತಾವೇ ತಯಾರಿಸಿಕೊಂಡು ಆಡುತ್ತಿದ್ದಾರೆ. ಇವರು ಬಂದದ್ದು ಕಥೆಗಾಗಿ. ಉಳಿದದ್ದು ಎದುರಿಗೆ ಕುಳಿತ ಗೆಳೆಯನಿಗಾಗಿ, ಕೈಗೆ ಹತ್ತಿದ ಕುಶಲತೆಗಾಗಿ. ಮಾರುವವನ ಆಸಕ್ತಿ ಅಡಗಿದ ಮೇಲೆಯೂ ಬಾಳುವುದು ಆಡುವವರು ತಮ್ಮದಾಗಿಸಿಕೊಂಡದ್ದು ಮಾತ್ರ.

ಈ ಮಾತು ಯಕ್ಷಗಾನ ಕಂಡವರಿಗೆ ಹೊಸದೆನಿಸದು. ಪಾರ್ತಿಸುಬ್ಬನ ಕುಂಬಳೆಯ ಸೀಮೆಯಲ್ಲಿ ಮಗುವೊಂದು ಆಟದ ಮುಂದೆ ರಾತ್ರಿಯೆಲ್ಲ ಕಣ್ಣುಬಿಟ್ಟು ಕೂರುವುದು ತಾಳ ರಾಗಗಳ ಅರಿವಿನಿಂದಲ್ಲ. ಅಭಿಮನ್ಯು ಚಕ್ರವ್ಯೂಹವನ್ನು ಹೊಕ್ಕಾನು, ಹೊರಬರಲಾರನು ಎಂದು ಅಜ್ಜಿಯಿಂದ ಕೇಳಿ ಬಲ್ಲದು, ಬಲ್ಲದ್ದರಿಂದಲೇ ತವಕ. ಚೆಂಡೆಯ ಭಾಷೆ, ಹೆಜ್ಜೆಯ ಲೆಕ್ಕ, ಅರ್ಥದ ಮಾತಿನ ಜಾಣ್ಮೆ ಆಮೇಲೆ ಒಂದೊಂದಾಗಿ ಕಿವಿಗೆ ಬೀಳುತ್ತವೆ. ಕೆಲವರು ಕಥೆ ಕಂಡು ಎದ್ದುಹೋಗುತ್ತಾರೆ. ಕೆಲವರು ಬೆಳಗಿನವರೆಗೆ ಕುಳಿತು, ಮರುದಿನ ಅಂಗಳದಲ್ಲಿ ಹೆಜ್ಜೆ ಹಾಕಿ ನೋಡುತ್ತಾರೆ. ಕಲೆ ಮುಂದಿನ ತಲೆಮಾರಿಗೆ ದಾಟುವುದು ಈ ಎರಡನೆಯವರಿಂದ.

ದೂರದ ನಾಟಿಂಗ್‌ಹ್ಯಾಮಿನ ಗೊಂಬೆಗಳು ಕನ್ನಡ ಶಾಲೆಯ ಮಕ್ಕಳ ಕೈಗೆ ಬರಲೇಬೇಕೆಂದಿಲ್ಲ. ವೆಲ್ಸ್ ತನ್ನ ರಣರಂಗವನ್ನು ಕಟ್ಟಿದ್ದು ಮಕ್ಕಳ ಕೋಣೆಯ ಮರದ ತುಂಡು, ಹಲಗೆಗಳಿಂದ. ರಟ್ಟಿನ ತುಂಡು, ಹುಣಸೆಬೀಜ, ಚೆನ್ನೆಮಣೆಯ ಕಾಯಿ, ಒಂದು ಜೊತೆ ದಾಳ ಇದ್ದರೆ ಚಕ್ರವ್ಯೂಹವನ್ನು ಮನೆಯ ಜಗಲಿಯ ಮೇಲೆಯೇ ಹೂಡಬಹುದು. ಅಭಿಮನ್ಯುವಿಗೆ ಎಷ್ಟು ಬಲ, ಜಯದ್ರಥ ಬಾಗಿಲು ಕಟ್ಟುವುದು ಯಾವಾಗ, ಹೊಕ್ಕವನಿಗೆ ಹೊರಬರುವ ದಾರಿ ಇರಬೇಕೇ ಬೇಡವೇ ಎಂಬ ನಿಯಮಗಳನ್ನು ಮಕ್ಕಳೇ ಬರೆಯಲಿ. ಬರೆಯಬೇಕಾದರೆ ಕಥೆಯನ್ನು ಇನ್ನೊಮ್ಮೆ ಓದಬೇಕಾಗುತ್ತದೆ, ಓದಿದ್ದನ್ನು ತಮ್ಮತಮ್ಮಲ್ಲಿ ವಾದಿಸಬೇಕಾಗುತ್ತದೆ. ಆ ಓದಿಗೂ ಆ ವಾದಕ್ಕೂ ಯಾವ ಪರವಾನಗಿಯ ಅಗತ್ಯವೂ ಇಲ್ಲ.