ದೋಣಿಗೆ ದೊಡ್ಡ ಎಂಜಿನ್: ಲಾಭದ ಲೆಕ್ಕ ಯಾರು ಹಾಕಬೇಕು?

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿಯು ಕರಾವಳಿಯ ಯಾಂತ್ರೀಕೃತ ದೋಣಿಗಳಿಗೆ ವಿಶ್ರಾಂತಿಯ ಕಾಲ. ಆದರೆ ನಮ್ಮ ವರ್ಕ್‌ಶಾಪ್‌ಗಳಿಗೆ, ಲೇತ್ ಘಟಕಗಳಿಗೆ, ಎರಕದ ಕಾರ್ಖಾನೆಗಳಿಗೆ ಹಾಗೂ ಬಿಡಿಭಾಗಗಳ ವ್ಯಾಪಾರಿಗಳಿಗೆ ಅದೇ ದುಡಿಮೆಯ ಕಾಲ. ಹಳೆಯ ಎಂಜಿನ್ನನ್ನು ದುರಸ್ತಿ ಮಾಡಿಸಬೇಕೇ, ಇಲ್ಲವೇ ಅದನ್ನು ಇಳಿಸಿ ಹೆಚ್ಚು ಅಶ್ವಶಕ್ತಿಯದನ್ನು ಕೂರಿಸಬೇಕೇ ಎಂಬ ನಿರ್ಧಾರವನ್ನು ದೋಣಿ ಮಾಲೀಕರು ಕೈಗೊಳ್ಳುವುದು ಈ ಎರಡು ತಿಂಗಳಲ್ಲಿಯೇ. ಒಂದು ಕಾಲದಲ್ಲಿ ನೂರರ ಆಸುಪಾಸಿನ ಅಶ್ವಶಕ್ತಿಯಲ್ಲಿ ನಡೆಯುತ್ತಿದ್ದ ತ್ರಾಲ್ ದೋಣಿಗಳ ಜಾಗದಲ್ಲಿ ಇಂದು ಮಂಗಳೂರು, ಮಲ್ಪೆಗಳ ದಕ್ಕೆಯಲ್ಲಿ 350 ಹಾಗೂ ಅದಕ್ಕೂ ಮೇಲ್ಪಟ್ಟ ಸಾಮರ್ಥ್ಯದ ದೋಣಿಗಳು ಸಾಮಾನ್ಯವಾಗಿವೆ. ಈ ಪೈಪೋಟಿಯು ನಮ್ಮ ಸದಸ್ಯರಿಗೆ ವ್ಯಾಪಾರವನ್ನು ತಂದಿದೆ ಎಂಬುದು ನಿಜ. ಆದರೆ ಗ್ರಾಹಕನನ್ನು ಸಾಲಗಾರನನ್ನಾಗಿ ಮಾಡುವ ವ್ಯಾಪಾರವು ಎಷ್ಟು ಕಾಲ ನಡೆದೀತು ಎಂಬುದನ್ನು ನಾವು ಆಲೋಚಿಸಬೇಕಾಗಿದೆ.

ಹೆಚ್ಚಿನ ಶಕ್ತಿಯನ್ನು ಬಯಸುವವರ ವಾದವನ್ನು ತಳ್ಳಿಹಾಕುವಂತಿಲ್ಲ. ಸಮೀಪದ ಕಡಲಿನಲ್ಲಿ ಮೀನು ವಿರಳವಾದಂತೆ ದೋಣಿಗಳು ಹತ್ತು ಹನ್ನೆರಡು ದಿನಗಳ ಯಾನ ಕೈಗೊಳ್ಳಬೇಕಾಗಿದೆ. ಆಳದಲ್ಲಿ ದೊಡ್ಡ ಬಲೆಯನ್ನು ಎಳೆಯಲು, ವೇಗವಾಗಿ ಚಲಿಸುವ ಮೀನನ್ನು ಹಿಂಬಾಲಿಸಲು, ಬಿರುಗಾಳಿಯ ಸೂಚನೆ ಬಂದಾಗ ಬಂದರು ಸೇರಲು ಶಕ್ತಿ ಬೇಕು. ಆದ್ದರಿಂದ ವಿಚಾರಿಸಬೇಕಾದುದು ಶಕ್ತಿ ಬೇಕೇ ಬೇಡವೇ ಎಂಬುದನ್ನಲ್ಲ. ಕೊಂಡ ಶಕ್ತಿಯು ನೀರಿನಲ್ಲಿ ಕೆಲಸವಾಗಿ ಪರಿಣಮಿಸುತ್ತಿದೆಯೇ ಎಂಬುದನ್ನು.

ವೇಗದ ಮಿತಿ

ತ್ರಾಲ್ ದೋಣಿಯು ನೀರನ್ನು ಸೀಳಿ ಸಾಗುವಂಥದು. ಸ್ಪೀಡ್ ಬೋಟಿನಂತೆ ನೀರಿನ ಮೇಲೆ ಜಾರುವಂಥದಲ್ಲ. ಇಂತಹ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿಯನ್ನು ವಿಧಿಸುತ್ತದೆ. ನೀರಿನ ಮಟ್ಟದಲ್ಲಿ 64 ಅಡಿ ಉದ್ದವಿರುವ ದೋಣಿಗೆ ಈ ಮಿತಿಯು ಸುಮಾರು ಹತ್ತೂ ಮುಕ್ಕಾಲು ನಾಟ್, ಅಂದರೆ ಗಂಟೆಗೆ 20 ಕಿಲೋಮೀಟರಿನಷ್ಟು. ಅದರ ಸಮೀಪಕ್ಕೆ ಬಂದ ದೋಣಿಗೆ ಎಷ್ಟೇ ಶಕ್ತಿಯನ್ನು ತುಂಬಿದರೂ ಅದರ ಬಹುಪಾಲು ಅಲೆಗಳನ್ನು ಎಬ್ಬಿಸುವುದರಲ್ಲಿಯೇ ವ್ಯಯವಾಗುತ್ತದೆ. ಮಿತಿಗಿಂತ ಕೆಳಗೂ, ಬೇಕಾಗುವ ಶಕ್ತಿಯು ಸ್ಥೂಲವಾಗಿ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು ಶೇಕಡಾ 10ರಷ್ಟು ಹೆಚ್ಚಿಸಲು ಶಕ್ತಿಯನ್ನು ಶೇಕಡಾ 33ರಷ್ಟು ಹೆಚ್ಚಿಸಬೇಕು.

ಇಂಧನದ ಲೆಕ್ಕವನ್ನೂ ನೋಡೋಣ. ಸುಸ್ಥಿತಿಯಲ್ಲಿರುವ ಡೀಸೆಲ್ ಎಂಜಿನ್ ಪೂರ್ಣ ಹೊರೆಯಲ್ಲಿ ಪ್ರತಿ 100 ಅಶ್ವಶಕ್ತಿಗೆ ಗಂಟೆಗೆ 18ರಿಂದ 19 ಲೀಟರ್ ಡೀಸೆಲ್ ಬಳಸುತ್ತದೆ. 200ರಿಂದ 350 ಅಶ್ವಶಕ್ತಿಗೆ ಏರಿದರೆ ಗಂಟೆಗೆ ಸುಮಾರು 28 ಲೀಟರ್ ಹೆಚ್ಚು. ಸರಾಸರಿ ಹೊರೆಯನ್ನು ಶೇಕಡಾ 60 ಎಂದೂ, ಒಂದು ಯಾನದಲ್ಲಿ ಎಂಜಿನ್ 150 ಗಂಟೆ ನಡೆಯುವುದೆಂದೂ ಇಟ್ಟುಕೊಂಡರೆ ಹೆಚ್ಚುವರಿ ಬಳಕೆ 2,500 ಲೀಟರ್. ಲೀಟರಿಗೆ 80 ರೂಪಾಯಿ ಹಿಡಿದರೂ ಯಾನವೊಂದಕ್ಕೆ 2 ಲಕ್ಷ ರೂಪಾಯಿ. ಋತುವಿನಲ್ಲಿ 20 ಯಾನಗಳಾದರೆ 40 ಲಕ್ಷ ರೂಪಾಯಿ. ಎಂಜಿನ್ನಿನ ಬೆಲೆ ಹಾಗೂ ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ. ಈ ಮೊತ್ತವನ್ನು ಮೀರಿ ಹಿಡಿತ ಹೆಚ್ಚಿದರೆ ಮಾತ್ರ ಮಾಲೀಕನಿಗೆ ಲಾಭ. ಮೊದಲು ಶಕ್ತಿ ಹೆಚ್ಚಿಸಿದವನಿಗೆ ಅದು ದೊರೆಯಬಹುದು. ಎಲ್ಲರೂ ಹೆಚ್ಚಿಸಿದ ಮೇಲೆ ಕಡಲಿನಲ್ಲಿರುವ ಮೀನು ಅಷ್ಟೇ, ಖರ್ಚು ಮಾತ್ರ ಎಲ್ಲರಿಗೂ ಹೆಚ್ಚು. ಡೀಸೆಲ್ ಖರ್ಚನ್ನು ಸರಿದೂಗಿಸಲು ಮರಿಮೀನನ್ನೂ ಬಿಡದೆ ತಂದು ಮೀನುಹಿಟ್ಟಿನ ಕಾರ್ಖಾನೆಗೆ ಸುರಿಯುವ ಸ್ಥಿತಿಗೆ ಇದೂ ಒಂದು ಕಾರಣ.

ಎಂಜಿನ್ ಒಂದೇ ಯಂತ್ರವಲ್ಲ

ಶಕ್ತಿಯ ವರ್ಧನೆಯೆಂದರೆ ಎಂಜಿನ್ ಬದಲಾವಣೆಯೊಂದೇ ಎಂಬ ಭಾವನೆ ಬೇರೂರಿದೆ. ವಾಸ್ತವದಲ್ಲಿ ಎಂಜಿನ್, ಗೇರ್‌ಬಾಕ್ಸ್, ಶಾಫ್ಟ್, ಪ್ರೊಪೆಲ್ಲರ್ ಹಾಗೂ ದೋಣಿಯ ತಳ ಇವೆಲ್ಲವೂ ಕೂಡಿ ಒಂದು ಯಂತ್ರ. ಹಳೆಯ ಪ್ರೊಪೆಲ್ಲರ್ ಉಳಿಸಿಕೊಂಡು ಎಂಜಿನ್ ಮಾತ್ರ ಬದಲಿಸಿದರೆ ಹೊಸ ಶಕ್ತಿಯು ನೀರಿಗೆ ತಲುಪುವುದೇ ಇಲ್ಲ. ಅಳತೆ ಮೀರಿದ ಪ್ರೊಪೆಲ್ಲರ್ ಹಾಕಿದರೆ ಎಂಜಿನ್ ತನ್ನ ನಿಗದಿತ ಸುತ್ತುಗಳನ್ನು ಮುಟ್ಟಲಾರದೆ ಕಪ್ಪು ಹೊಗೆ ಉಗುಳುತ್ತದೆ. ಅದರ ಆಯುಸ್ಸೂ ಕ್ಷೀಣಿಸುತ್ತದೆ. ಅದೇ ಸುತ್ತುಗಳಲ್ಲಿ ಶಕ್ತಿಯು ಇಮ್ಮಡಿಯಾದರೆ ಶಾಫ್ಟಿನ ಮೇಲಿನ ತಿರುಚುಬಲವೂ ಇಮ್ಮಡಿ. ಅದನ್ನು ತಡೆಯಲು 60 ಮಿಲಿಮೀಟರ್ ಶಾಫ್ಟಿನ ಜಾಗದಲ್ಲಿ ಸುಮಾರು 76 ಮಿಲಿಮೀಟರಿನದು ಬೇಕು. ಅದರೊಡನೆ ಸ್ಟರ್ನ್ ಟ್ಯೂಬ್, ಬೇರಿಂಗ್, ಕಪ್ಲಿಂಗ್, ತಂಪುಗೊಳಿಸುವ ವ್ಯವಸ್ಥೆ ಎಲ್ಲವೂ ಬದಲಾಗಬೇಕು.

ಬಲೆ ಎಳೆಯುವಾಗ ದೋಣಿಯ ವೇಗ ಕೇವಲ ಮೂರು ನಾಲ್ಕು ನಾಟ್. ಅಲ್ಲಿ ಬೇಕಾದುದು ವೇಗವಲ್ಲ, ಎಳೆತ. ಅಷ್ಟೇ ಅಶ್ವಶಕ್ತಿಯಲ್ಲಿ, ಹೆಚ್ಚು ವ್ಯಾಸದ ಪ್ರೊಪೆಲ್ಲರ್ ನಿಧಾನವಾಗಿ ತಿರುಗಿದರೆ ಎಳೆತ ಅಧಿಕ. ದೋಣಿಯ ಹಿಂಭಾಗದಲ್ಲಿ ಅವಕಾಶವಿದ್ದು ಪ್ರೊಪೆಲ್ಲರಿನ ಸುತ್ತ ನಾಝಲ್ ಬಳೆಯನ್ನು ಅಳವಡಿಸಿದರೆ ಎಳೆತವು ಕಾಲು ಭಾಗದಷ್ಟು ಹೆಚ್ಚಬಲ್ಲದು. ಅಂದರೆ ಗೇರ್ ಅನುಪಾತ ಹಾಗೂ ಪ್ರೊಪೆಲ್ಲರ್ ಸರಿಪಡಿಸುವುದರಿಂದಲೇ ಹಲವರಿಗೆ ಬೇಕಾದ ಬಲ ಹಳೆಯ ಎಂಜಿನ್ನಿನಲ್ಲಿಯೇ ದೊರೆಯಬಹುದು. ದೋಣಿಯ ತಳದ ಚಿಪ್ಪುಜೀವಿಗಳನ್ನು ಕಾಲಕಾಲಕ್ಕೆ ಕೆರೆದು ಬಣ್ಣ ಬಳಿಯುವುದೂ ಅಷ್ಟೇ ಮುಖ್ಯ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯು 2016ರಲ್ಲಿ ನೀರಿಗಿಳಿಸಿದ 19.75 ಮೀಟರ್ ಉದ್ದದ ‘ಸಾಗರ ಹರಿತ’ ನೌಕೆಯು ತಳದ ಆಕಾರವನ್ನು ತಿದ್ದುವುದರ ಮೂಲಕ ಅದೇ ಗಾತ್ರದ ನೌಕೆಗಳಿಗಿಂತ ಕಡಿಮೆ, ಅಂದರೆ 400 ಅಶ್ವಶಕ್ತಿಯ ಎಂಜಿನ್ನಿನಲ್ಲಿ ಕೆಲಸ ನಿರ್ವಹಿಸುವಂತೆ ರೂಪುಗೊಂಡಿತು.

ಫಲಕದ ಮೇಲಿನ ಅಂಕಿಯ ಬಗೆಗೂ ಎಚ್ಚರಿಕೆ ಅವಶ್ಯ. ಒಂದೇ ಎಂಜಿನ್ನಿಗೆ ಅಲ್ಪಾವಧಿಯ ಗರಿಷ್ಠ ಸಾಮರ್ಥ್ಯ ಬೇರೆ, ನಿರಂತರ ದುಡಿಮೆಯ ಸಾಮರ್ಥ್ಯ ಬೇರೆ. ಹಗಲಿರುಳು ಬಲೆ ಎಳೆಯುವವನು ಕೊಳ್ಳಬೇಕಾದುದು ಎರಡನೆಯದನ್ನು. ಮಾರಾಟದ ಮಾತಿನಲ್ಲಿ ಮೆರೆಯುವುದು ಮೊದಲನೆಯದು.

ನಾವು ಮಾಡಬೇಕಾದುದು

ಮಾರಾಟಗಾರರು ತಮ್ಮ ದರಪಟ್ಟಿಯಲ್ಲಿ ನಿರಂತರ ಸಾಮರ್ಥ್ಯ, ಗೇರ್ ಅನುಪಾತ, ಪ್ರೊಪೆಲ್ಲರಿನ ಲೆಕ್ಕ ಹಾಗೂ ಕಡಲಿನಲ್ಲಿ ಪೂರ್ಣ ಹೊರೆಯ ಪರೀಕ್ಷೆ ಈ ನಾಲ್ಕನ್ನೂ ನಮೂದಿಸುವ ಪದ್ಧತಿ ಬರಬೇಕು. ಹೊಸ ಎಂಜಿನ್ ಕೊಳ್ಳುವ ಮುನ್ನ ಹಳೆಯದಕ್ಕೆ ಇಂಧನ ಮಾಪಕ ಅಳವಡಿಸಿ ಕನಿಷ್ಠ ಒಂದು ಯಾನದ ಬಳಕೆಯನ್ನು ಬರೆದಿಡುವಂತೆ ಮಾಲೀಕರಿಗೂ ತಾಂಡೇಲರಿಗೂ ಸಲಹೆ ನೀಡಬೇಕು. ಬ್ಯಾಂಕುಗಳೂ ಸಹಕಾರ ಸಂಘಗಳೂ ಎಂಜಿನ್ ಸಾಲಕ್ಕೆ ಪರೀಕ್ಷಾ ವರದಿಯನ್ನು ಷರತ್ತಾಗಿಸಿ, ಪ್ರೊಪೆಲ್ಲರ್ ಹಾಗೂ ತಳದ ಸುಧಾರಣೆಗೂ ಸಾಲ ನೀಡುವಂತಾಗಬೇಕು. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ ಹಾಗೂ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗಳ ನೆರವಿನಿಂದ ನಮ್ಮ ಸಣ್ಣ ಘಟಕಗಳಿಗೆ ಪ್ರೊಪೆಲ್ಲರ್ ಹೊಂದಾಣಿಕೆಯ ತರಬೇತಿ ಏರ್ಪಡಿಸುವುದು ವಾಣಿಜ್ಯ ಮಂಡಳಿಯ ಕೈಯಲ್ಲಿಯೇ ಇದೆ.

ಅಶ್ವಶಕ್ತಿಗೆ ಏಕರೂಪದ ಮಿತಿಯನ್ನು ವಿಧಿಸಿದರೆ ವ್ಯಾಪಾರಕ್ಕೆ ಧಕ್ಕೆಯೆಂಬ ಆತಂಕ ಕೆಲವರಲ್ಲಿದೆ. ಆದರೆ ಅಧಿಕ ಶಕ್ತಿಯ ದೋಣಿಯು ಸಾಲ ತೀರಿಸಲು ಹೊಸ ದಾರಿ ಹುಡುಕುತ್ತದೆ. 2017ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಬುಲ್ ಟ್ರಾಲಿಂಗ್ ಹಾಗೂ ಪ್ರಖರ ಬೆಳಕಿನ ಮೀನುಗಾರಿಕೆಯನ್ನು ನಿಷೇಧಿಸಬೇಕಾಗಿ ಬಂದುದರ ಹಿಂದೆ ಈ ಒತ್ತಡವೂ ಇತ್ತೆಂಬುದು ನನ್ನ ಅಭಿಪ್ರಾಯ. ದೋಣಿಯ ಉದ್ದಕ್ಕೆ ತಕ್ಕ ಮಿತಿಯು ಎಲ್ಲರಿಗೂ ಸಮನಾಗಿ ಅನ್ವಯವಾದರೆ ಯಾರೂ ಯಾರಿಗಿಂತಲೂ ಹಿಂದುಳಿಯುವುದಿಲ್ಲ. ಎಂಜಿನ್ ಬಹುಪಾಲು ಹೊರಗಿನಿಂದ ಬರುವ ಸರಕು. ಪ್ರೊಪೆಲ್ಲರ್ ಎರಕ, ಶಾಫ್ಟ್ ಕೆಲಸ, ತಳದ ದುರಸ್ತಿಗಳು ನಮ್ಮ ಊರಿನ ಉದ್ಯೋಗಗಳು. ಅಶ್ವಶಕ್ತಿಯ ಬದಲು ಹೊಂದಾಣಿಕೆಯನ್ನು ಮಾರುವುದರಲ್ಲಿ ಮೀನುಗಾರನ ಹಿತದೊಡನೆ ನಮ್ಮ ಹಿತವೂ ಅಡಗಿದೆ. ಮುಂದಿನ ನಿಷೇಧದ ಅವಧಿಗೆ ಮೊದಲೇ ಮಂಡಳಿಯು ಈ ಕುರಿತು ಒಂದು ಸ್ಪಷ್ಟ ನಿಲುವನ್ನು ತಳೆಯಬೇಕು.