ಕದಲದ ಗಾಳಿಯ ಬಿಸುಪು

1922ರಲ್ಲಿ ಎವರೆಸ್ಟ್ ಏರಲು ಹೊರಟ ಬ್ರಿಟಿಷ್ ತಂಡದಲ್ಲಿ ಜಾರ್ಜ್ ಫಿಂಚ್ ಎಂಬ ರಸಾಯನ ವಿಜ್ಞಾನಿ ಇದ್ದರು. ಮಿಕ್ಕವರು ಉಣ್ಣೆಯ ಉಡುಪು, ಟ್ವೀಡ್ ಕೋಟುಗಳನ್ನು ನೆಚ್ಚಿದ್ದರೆ, ಇವರು ಬಲೂನು ಹೊಲಿಯುವ ಬಟ್ಟೆಯೊಳಗೆ ಈಡರ್ ಬಾತಿನ ತುಪ್ಪುಳು ತುಂಬಿಸಿ ಉದ್ದನೆಯ ಕೋಟು ಮಾಡಿಸಿಕೊಂಡಿದ್ದರು. ಮೊದಮೊದಲು ಜೊತೆಗಾರರು ನಕ್ಕರು. ಹಿಮಗಾಳಿ ಬೀಸತೊಡಗಿದ ಮೇಲೆ ಅದೇ ಕೋಟನ್ನು ಕಂಡು ಆಸೆಪಟ್ಟರು. ಆ ಯಾತ್ರೆಯಲ್ಲಿ ಫಿಂಚ್ ಮತ್ತು ಜೆಫ್ರಿ ಬ್ರೂಸ್ ಸುಮಾರು 8,300 ಮೀಟರ್ ಎತ್ತರ ಮುಟ್ಟಿದರು.

ತುಪ್ಪುಳಿಗೆ ತನ್ನದೆಂಬ ಶಾಖವಿಲ್ಲ. ಶಾಖ ನಮ್ಮ ಮೈಯದು. ಅದನ್ನು ಹೊರಹೋಗಗೊಡದೆ ಹಿಡಿಯುವುದು ಗಾಳಿ. ನಿಂತ ಗಾಳಿಯ ಮೂಲಕ ಶಾಖ ಹಾಯುವುದು ಬಲು ನಿಧಾನ, ನೀರಿನಲ್ಲಿ ಹಾಯುವುದರ ಇಪ್ಪತ್ತನೇ ಒಂದು ಪಾಲೂ ಇಲ್ಲ. ಆದರೆ ಗಾಳಿ ನಿಲ್ಲುವುದಿಲ್ಲವಲ್ಲ! ಬಿಸಿಯಾದದ್ದು ಮೇಲೇಳುತ್ತದೆ, ಆ ಜಾಗಕ್ಕೆ ತಣ್ಣನೆಯದು ನುಗ್ಗುತ್ತದೆ. ಅದನ್ನು ಕಟ್ಟಿಹಾಕುವ ಕೆಲಸ ತುಪ್ಪುಳಿನದು. ರೆಕ್ಕೆಯ ಗರಿಗಿರುವಂತೆ ಇದಕ್ಕೆ ಗಟ್ಟಿ ದಂಟಿಲ್ಲ. ಒಂದೇ ಬಿಂದುವಿನಿಂದ ನವಿರಾದ ನೂಲುಗಳು ಎಲ್ಲ ದಿಕ್ಕಿಗೂ ಚಾಚಿಕೊಂಡಿರುತ್ತವೆ. ಒಂದೊಂದು ನೂಲಿನ ಮೈತುಂಬ ಇನ್ನೂ ಸೂಕ್ಷ್ಮವಾದ ಎಳೆಗಳು. ಆ ಸಂದುಗಳಲ್ಲಿ ಸಿಕ್ಕ ಗಾಳಿಗೆ ಅಲುಗಾಡಲು ಎಡೆಯಿಲ್ಲ. ಮೇಲಿನ ಬಟ್ಟೆಯ ನೇಯ್ಗೆ ಬಿಗಿಯಾಗಿದ್ದರೆ ಹೊರಗಿನ ಬಿರುಗಾಳಿ ಅದನ್ನು ಕದಡಲಾರದು. ಫಿಂಚ್ ಬಲೂನು ಬಟ್ಟೆಯನ್ನೇ ಆರಿಸಿದ್ದರ ಜಾಣ್ಮೆಯನ್ನು ನಾನು ಬಹಳ ಮೆಚ್ಚುತ್ತೇನೆ.

ಹಾಗಾಗಿ ತುಪ್ಪುಳಿನ ರಜಾಯಿಯ ಬೆಲೆ ಇರುವುದು ಅದರ ಉಬ್ಬಿನಲ್ಲಿ. ಬೆನ್ನಿನಡಿ ಒತ್ತಿಹೋದ ಭಾಗ ಬೆಚ್ಚಗಿಡದು. ಪರ್ವತಾರೋಹಿಗಳು ಸ್ಲೀಪಿಂಗ್ ಬ್ಯಾಗಿನ ಕೆಳಗೆ ಬೇರೆ ಚಾಪೆ ಹಾಸುವುದು ಅದಕ್ಕೇ. ನೆನೆದರಂತೂ ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿ, ಗಾಳಿಯಿದ್ದಲ್ಲಿ ನೀರು ಕೂರುತ್ತದೆ. ಮಲೆನಾಡಿನ ಮಳೆಗೆ ಕಂಬಳಿಕೊಪ್ಪೆಯೇ ಸರಿ.

ಇಂದು ರಜಾಯಿಗಳಲ್ಲಿರುವ ತುಪ್ಪುಳಿನ ಬಹುಪಾಲು ಮಾಂಸಕ್ಕಾಗಿ ಸಾಕಿದ ಬಾತು, ಹೆಬ್ಬಾತುಗಳದ್ದು. ಜೀವಂತ ಹಕ್ಕಿಯ ಎದೆಯಿಂದ ಕಿತ್ತು ತೆಗೆದದ್ದೂ ಮಾರುಕಟ್ಟೆಗೆ ಬಂದಿದೆ. ಅಂಥ ಹೊದಿಕೆಯಡಿ ನಾನು ಮಲಗಲಾರೆ. ಐಸ್‌ಲ್ಯಾಂಡಿನ ಕಡಲತೀರದಲ್ಲಿ ನಡೆಯುವುದೇ ಬೇರೆ. ಅಲ್ಲಿ ಹೆಣ್ಣು ಈಡರ್ ತನ್ನೆದೆಯ ತುಪ್ಪುಳನ್ನು ತಾನೇ ಕಿತ್ತು ಮೊಟ್ಟೆಗಳ ಸುತ್ತ ಹಾಸುತ್ತದೆ. ಈಡರ್ ಕಾಡುಹಕ್ಕಿಯೇ, ಆದರೂ ರೈತರು ನರಿ, ಮಿಂಕ್‌ಗಳು ಸುಳಿಯದಂತೆ ಗೂಡು ಕಾಯುತ್ತಾರೆ. ತುಪ್ಪುಳು ಹೆಕ್ಕುವುದು ಗೂಡಿನಿಂದ ಮಾತ್ರ. ಒಂದು ಕಿಲೋ ಕೂಡಿಸಲು ಸುಮಾರು 60 ಗೂಡು ಬೇಕು; ಅದರ ಬೆಲೆ ಸಾಮಾನ್ಯರ ಕೈಗೆಟುಕದಿರುವುದೂ ಅದಕ್ಕೇ.