ಶಿಲೆಯ ‘ಆರೋಗ್ಯ’ವೂ ಗ್ರಂಥಾಲಯದ ಸಾಕ್ಷ್ಯವೂ

ರೋಗವನ್ನು ಗುಣಪಡಿಸುವುದು ವೈದ್ಯನ ಕಾರ್ಯ. ಆ ಚಿಕಿತ್ಸೆಯು ಯಾವ ಕಾಲದಲ್ಲಿ, ಯಾರಿಂದ, ಹೇಗೆ ಬಳಕೆಗೆ ಬಂದಿತೆಂದು ನಿರ್ಣಯಿಸುವುದು ಇತಿಹಾಸಕಾರನ ಕಾರ್ಯ. ಮೊದಲನೆಯದಕ್ಕೆ ಅನುಭವ ಬೇಕು, ಎರಡನೆಯದಕ್ಕೆ ಸಾಕ್ಷ್ಯ ಬೇಕು. ಪ್ರಾಚೀನ ವೈದ್ಯವನ್ನು ಕೊಂಡಾಡುವವರಿಗೆ ನಾಡಿನಲ್ಲಿ ಕೊರತೆಯಿಲ್ಲ. ಆಕರಗ್ರಂಥವನ್ನು ತೆರೆದು ನೋಡುವವರು ಮಾತ್ರ ವಿರಳ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯೇ ಇದಕ್ಕೆ ನಿದರ್ಶನ. 1892ರಲ್ಲಿ ಬಿ. ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಅಶೋಕನು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದನೆಂಬುದನ್ನು ಶಾಲೆಯ ಬಾಲಕನೂ ಬಲ್ಲ. ಬ್ರಹ್ಮಗಿರಿಯ ಶಾಸನದಲ್ಲಿ ‘ಆರೋಗ್ಯ’ ಎಂಬರ್ಥದ ಪ್ರಾಕೃತ ಪದವೂ ಉಂಟು. ಇವೆರಡನ್ನೂ ಜೋಡಿಸಿ, ಆ ವೈದ್ಯಶಾಸನವೇ ಈ ಬೆಟ್ಟದಲ್ಲಿದೆಯೆಂದು ವಿದ್ಯಾರ್ಥಿಯು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಇ. ಹುಲ್ಷ್ ಅವರು 1925ರಲ್ಲಿ ಪ್ರಕಟಿಸಿದ ಅಶೋಕ ಶಾಸನಸಂಪುಟವನ್ನು ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ತೆರೆದೊಡನೆ ಆ ಭ್ರಮೆ ಹರಿಯುತ್ತದೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಕುಶಲೋಪಚಾರದ ವಾಕ್ಯದಲ್ಲಿ ಬಂದ ಪದವದು. ಚಿಕಿತ್ಸೆಯ ಏರ್ಪಾಡು, ಮೂಲಿಕೆಗಳನ್ನು ತರಿಸಿ ನೆಡಿಸಿದ ಸಂಗತಿ, ಇವು ಎರಡನೆಯ ಪ್ರಧಾನ ಶಿಲಾಶಾಸನದವು. ಅದು ಗುಜರಾತಿನ ಗಿರ್ನಾರ್ ಮೊದಲಾದ ಕಡೆಗಳಲ್ಲಿಯೂ, ಅನಂತರ ಬೆಳಕಿಗೆ ಬಂದ ಆಂಧ್ರದ ಎರ್ರಗುಡಿಯಲ್ಲಿಯೂ ಇದೆ.

ಇದರಿಂದ ಬ್ರಹ್ಮಗಿರಿಯ ಹಿರಿಮೆಗೆ ಕುಂದಿಲ್ಲ. ತಂದೆತಾಯಿಗಳ ಸೇವೆ, ಗುರುಗಳಲ್ಲಿ ಗೌರವ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಇವು ಅಲ್ಲಿಯ ಉಪದೇಶ. ಸತ್ಯವನ್ನೇ ನುಡಿಯಬೇಕೆಂದು ಸಾರಿದ ಶಿಲೆಯ ಹೆಸರಿನಲ್ಲಿ ಅಸತ್ಯವನ್ನು ಹಬ್ಬಿಸಬಹುದೆ?

ಚಳ್ಳಕೆರೆಯ ಸೀಮೆಗೂ ಇದೇ ನ್ಯಾಯ. ಅಮೃತಮಹಲ್ ಕಾವಲುಗಳ ಈ ನೆಲದಲ್ಲಿ ದನಗಾಹಿಗಳ ಮನೆಮದ್ದು ಬಾಯಿಂದ ಬಾಯಿಗೆ ಹರಿದುಬಂದಿದೆ. ಕನ್ನಡದಲ್ಲಿಯೋ, ಚಾಳುಕ್ಯ ರಾಜಪುತ್ರನಾದ ಕೀರ್ತಿವರ್ಮನು 12ನೆಯ ಶತಮಾನದಲ್ಲಿಯೇ ‘ಗೋವೈದ್ಯ’ವನ್ನು ರಚಿಸಿದನು. 14ನೆಯ ಶತಮಾನದ ಮಂಗರಾಜನ ವಿಷವೈದ್ಯಗ್ರಂಥ ‘ಖಗೇಂದ್ರಮಣಿದರ್ಪಣ’ವನ್ನು ಮದರಾಸು ವಿಶ್ವವಿದ್ಯಾನಿಲಯವು 1942ರಲ್ಲಿ ಅಚ್ಚು ಹಾಕಿಸಿತು. ಗ್ರಂಥದ ಮದ್ದಿಗೂ ಗೊಲ್ಲನ ಮದ್ದಿಗೂ ಸಂಬಂಧವುಂಟೆ? ಹೋಲಿಕೆ ಕಂಡ ಮಾತ್ರಕ್ಕೆ ಪರಂಪರೆಯೆನ್ನಲಾಗದು. ಒಂದೇ ಗಿಡಕ್ಕೆ ಊರಿಗೊಂದು ಹೆಸರು. ಒಂದೇ ಹೆಸರಿಗೆ ಎರಡು ಗಿಡ. ಪಾಠಾಂತರ, ನಿಘಂಟು, ಸಸ್ಯಶಾಸ್ತ್ರಗಳನ್ನು ಒಂದೆಡೆ ಇಟ್ಟು ತೂಗಿದಾಗಲೇ ನಿರ್ಣಯ ಸಾಧ್ಯ. ಅದಕ್ಕೆ ತಕ್ಕ ಸ್ಥಳ ವಿಶ್ವವಿದ್ಯಾನಿಲಯದ ಗ್ರಂಥಭಂಡಾರ.

ಆದರೆ ಭಂಡಾರವು ತಾನಾಗಿ ತುಂಬುವುದಿಲ್ಲ. 1891ರಲ್ಲಿ ಸ್ಥಾಪಿತವಾದ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರಕ್ಕೆ ಪಂಡಿತರೊಬ್ಬರು ತಂದೊಪ್ಪಿಸಿದ ತಾಳೆಯೋಲೆಯಲ್ಲಿಯೇ ಕೌಟಿಲ್ಯನ ‘ಅರ್ಥಶಾಸ್ತ್ರ’ವಿದ್ದಿತು; ಆರ್. ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಆ ಕಟ್ಟನ್ನು ಹೊಳೆಗೆ ಬಿಟ್ಟಿದ್ದರೆ ಲೋಕಕ್ಕೆ ಎಂತಹ ನಷ್ಟವಾಗುತ್ತಿತ್ತು!

ಆದುದರಿಂದ ಉಪಾಧ್ಯಾಯರು ವಿದ್ಯಾರ್ಥಿಗಳಿಂದ ಗ್ರಾಮಗಳ ವೈದ್ಯಪದಗಳನ್ನೂ ಗಿಡಗಳ ಹೆಸರುಗಳನ್ನೂ, ಹೇಳಿದವರ ಊರುಸಹಿತ ಬರೆಯಿಸಲಿ. ಮದ್ದಿನ ಪ್ರಯೋಗಕ್ಕೆ ಮಾತ್ರ ಯಾರೂ ಕೈಹಾಕದಿರಲಿ. ಅದು ವೈದ್ಯರ ಹೊಣೆ. ಮೈಸೂರು, ಬೆಂಗಳೂರುಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳು ಗ್ರಂಥಾಲಯಗಳಲ್ಲಿ ಕುಳಿತು ಆ ಪಟ್ಟಿಯನ್ನು ಆಕರಗಳೊಡನೆ ಹೋಲಿಸಲಿ. ದಾನಿಗಳು ಮುದ್ರಿತ ಆಕರಗಳನ್ನು ಶಾಲೆಗೆ ಒದಗಿಸಲಿ. ಮನೆಯ ಅಟ್ಟದಲ್ಲಿ ಓಲೆಗರಿಯಿದ್ದವರು ಅದನ್ನು ಹುಳುವಿಗೆ ಬಿಡದೆ ತಜ್ಞರ ಕೈಗೊಪ್ಪಿಸಲಿ. ಅನ್ನದಾಸೋಹ ಇಂದಿನ ಹಸಿವನ್ನು ಹಿಂಗಿಸೀತು. ಈ ಜ್ಞಾನದಾಸೋಹದ ಫಲ ಮುಂದಿನ ಪೀಳಿಗೆಗೂ ಉಳಿದೀತು.